ನಾಲ್ಕು ಮಕ್ಕಳು, ಅಲ್ವಾ ಸಾರ್?

ಪತ್ರ ಬಂದಿದ್ದು ತಾತನ ಹೆಸರಿಗೆ. ತಾತ ತೀರಿಕೊಂಡಿದ್ದು 1992ರಲ್ಲಿ. ಮೂವತ್ತೊಂದು ವರ್ಷದ ಮೇಲೆ, 2023ರ ಆಗಸ್ಟಿನಲ್ಲಿ, ಪೋಸ್ಟ್‌ಮ್ಯಾನ್ ತಿಪಟೂರಿನ ಮನೆಯ ಗೇಟಿನ ಮುಂದೆ ನಿಂತು ಅವರ ಹೆಸರನ್ನು ಗಟ್ಟಿಯಾಗಿ ಕೂಗಿದನಂತೆ. ಒಳಗೆ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪನಿಗೆ ಒಂದು ಕ್ಷಣ ಮೈ ಜುಂ ಅಂದಿತಂತೆ. ಆಮೇಲೆ ಸಹಿ ಹಾಕಿ ತಗೊಂಡು, ಒಡೆದು, ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದರು. ಕೆಳಗೆ ಒಂದೇ ಸಾಲು: "ಇದೇನೋ ನೋಡು, ಮೋಸದ್ದಿರಬೇಕು."

ನನಗೂ ಹಾಗೇ ಅನ್ನಿಸಿತು. ಲಾಟರಿ ಹೊಡೆದಿದೆ, ಪಾರ್ಸೆಲ್ ಸಿಕ್ಕಿಹಾಕಿಕೊಂಡಿದೆ, ಕರೆಂಟು ಕಟ್ ಆಗುತ್ತೆ ಅನ್ನೋ ಮೆಸೇಜುಗಳ ನಡುವೆ ಬದುಕುವ ನಮಗೆ, "ನಿಮ್ಮ ಹಿರಿಯರ ಹೆಸರಿನಲ್ಲಿ ಆಸ್ತಿ ಇದೆ" ಅಂತ ಯಾರೋ ಬರೆದರೆ ಮೊದಲು ಕೈ ಹೋಗೋದು ಜೇಬಿಗೆ, ಪರ್ಸು ಇದೆಯಾ ಅಂತ ನೋಡಿಕೊಳ್ಳೋಕೆ. ಆದರೆ ಈ ಪತ್ರದಲ್ಲಿ ಎರಡು ವಿಷಯ ವಿಚಿತ್ರವಾಗಿದ್ದವು. ಒಂದು, ತಾತನ ಹೆಸರಿನ ಹಿಂದಿನ ಮೂರೂ ಇನಿಷಿಯಲ್ ಸರಿಯಾಗಿದ್ದವು. ಇನ್ನೊಂದು, ವಿಳಾಸದಲ್ಲಿ ಹಳೇ ಡೋರ್ ನಂಬರ್ ಇತ್ತು. ಪುರಸಭೆಯವರು ಆ ನಂಬರ್ ಬದಲಾಯಿಸಿ ಎಷ್ಟೋ ವರ್ಷವಾಗಿದೆ. ಅದನ್ನು ಗೊತ್ತಿರುವ ಮೋಸಗಾರ ಅಂದರೆ ಅವನು ನಮಗಿಂತ ಹಳಬನಿರಬೇಕು.

ಬರೆದಿದ್ದು ಮುಂಬೈನ ಒಂದು ಸಂಸ್ಥೆ. ಹೆಸರು ಬೇಡ. ಸತ್ತವರ ಹೆಸರಿನಲ್ಲಿ ಉಳಿದುಬಿಟ್ಟ ಷೇರುಗಳನ್ನು ಪತ್ತೆ ಮಾಡಿ, ವಾರಸುದಾರರನ್ನು ಹುಡುಕಿ, ಅವರಿಗೆ ಕೊಡಿಸಿ, ಕಮಿಷನ್ ತಗೊಳ್ಳೋದು ಅವರ ಕಸುಬು. ಯಾವ ಕಂಪನಿಯ ಷೇರು, ಎಷ್ಟು, ಅದನ್ನೆಲ್ಲ ಹೇಳಿರಲಿಲ್ಲ. "ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ" ಅಂತಿತ್ತು.

ಫೋನ್ ಮಾಡಿದೆ. ಎತ್ತಿದ ಹುಡುಗ ಕನ್ನಡದವನೇ. ಬಹಳ ವಿನಯ. ನಾನು ಏನೂ ಹೇಳುವ ಮೊದಲೇ ಅವನೇ ಕೇಳಿದ.

"ನಿಮ್ಮ ತಾತನವರಿಗೆ ನಾಲ್ಕು ಮಕ್ಕಳು, ಅಲ್ವಾ ಸಾರ್? ಇಬ್ಬರು ಗಂಡು, ಇಬ್ಬರು ಹೆಣ್ಣು?"

ನಿಮಗೆ ಹೇಗೆ ಗೊತ್ತು ಅಂದೆ. ಪತ್ರ ಕಳಿಸುವ ಮುಂಚೆ ಅವರ ಕಡೆಯವರೊಬ್ಬರು ತಿಪಟೂರಿಗೆ ಬಂದು, ನಮ್ಮ ಬೀದಿ ಕೊನೆಯ ಅಂಗಡಿಯಲ್ಲಿ ಬಾಳೆಹಣ್ಣು ತಗೊಂಡು, ಸುಮ್ನೆ ಮಾತಾಡಿಸಿದ್ದರಂತೆ. ಅಂಗಡಿಯವರು ಎಲ್ಲ ಹೇಳಿದ್ದಾರೆ. ಯಾವ ಮಗಳನ್ನು ಯಾವ ಊರಿಗೆ ಕೊಟ್ಟಿದ್ದು ಅನ್ನೋದೂ ಸೇರಿ.

"ಹೌದು, ನಾಲ್ಕು" ಅಂದೆ. ಅಂದು ಫೋನ್ ಇಟ್ಟ ಮೇಲೆ ಶುರುವಾಯ್ತು ಕಿರಿಕಿರಿ. ಯಾಕಂದರೆ ನಮ್ಮ ಮನೆಯ ಕಾಗದಪತ್ರದ ಪ್ರಕಾರ ತಾತನಿಗೆ ಮಕ್ಕಳು ಇಬ್ಬರೇ.

ಟ್ರಂಕಿನಲ್ಲಿ ಇದ್ದಿದ್ದು

ಮೊದಲು ಷೇರಿನ ವಿಷಯ ಮುಗಿಸಿಬಿಡುತ್ತೇನೆ, ಅದು ಸುಲಭದ್ದು.

ಕಂಪನಿ ಯಾವುದು ಅಂತ ಕಂಡುಹಿಡಿಯಲು ನನಗೆ ಬೇಕಾಗಿದ್ದು ಇಪ್ಪತ್ತು ನಿಮಿಷ. ಡಿವಿಡೆಂಡನ್ನು, ಅಂದರೆ ಕಂಪನಿ ಹಂಚುವ ಲಾಭದ ಪಾಲನ್ನು, ಏಳು ವರ್ಷ ಸತತವಾಗಿ ಯಾರೂ ತಗೊಳ್ಳದಿದ್ದರೆ, ಆ ದುಡ್ಡಿನ ಜೊತೆ ಷೇರೂ ಕೇಂದ್ರ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ. 2013ರ ಕಂಪನಿ ಕಾಯ್ದೆಯ ಮಾತು ಇದು. ಅದರ ನಿಯಮಗಳು 2016ರಲ್ಲಿ ಬಂದವು. ಹೋದ ಷೇರು ಮುಳುಗಿಹೋಗಲ್ಲ, ವಾರಸುದಾರರು ಯಾವಾಗ ಬೇಕಾದರೂ ಕೇಳಬಹುದು, ಕೇಳೋಕೆ ಫೀಸೂ ಇಲ್ಲ. ಯಾರ ಯಾರ ಷೇರು ಹೋಗಿದೆ ಅನ್ನೋದನ್ನು ಕಂಪನಿಗಳು ಪಟ್ಟಿ ಮಾಡಿ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಐಇಪಿಎಫ್ ಸೈಟಿನಲ್ಲಿ ಹೆಸರು ಕೊಟ್ಟೂ ಹುಡುಕಬಹುದು. ಕಷ್ಟ ಒಂದೇ. ತಾತನ ಹೆಸರಿನ ಕೊನೆಗೆ "ಅಯ್ಯ" ಇದೆ. ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು. ಮೂರನೇ ಥರಕ್ಕೆ ಸಿಕ್ಕಿದರು. ಹಳೇ ಡೋರ್ ನಂಬರಿನ ಸಮೇತ.

ಇಂಗ್ಲೆಂಡಿನಲ್ಲೂ ಇಂಥದ್ದೇ ಒಂದು ಪಟ್ಟಿ ಬರುತ್ತಿತ್ತು. ವಿಲ್ ಬರೆಯದೆ, ಗೊತ್ತಿರುವ ನೆಂಟರೂ ಇಲ್ಲದೆ ಸತ್ತವರ ಆಸ್ತಿ ಅಲ್ಲಿ "ಕ್ರೌನ್" ಅಂದರೆ ರಾಜಸತ್ತೆಯ ಹೆಸರಿಗೆ ಹೋಗುತ್ತದೆ. ಅಂಥವರ ಹೆಸರುಗಳನ್ನು ಸರ್ಕಾರ ಬಹಳ ವರ್ಷ ಪ್ರಕಟಿಸುತ್ತಿತ್ತು. ಅದನ್ನು ಹಿಡಿದುಕೊಂಡು ವಾರಸುದಾರರನ್ನು ಹುಡುಕಿ ಹೊರಡುವ ಕಂಪನಿಗಳೇ ಬೇಕಾದಷ್ಟಿವೆ. ನಮ್ಮಲ್ಲಿ ಹಾಗೆ ನೆಂಟರೇ ಇಲ್ಲದವರು ಕಮ್ಮಿ. ನಮ್ಮ ಕಷ್ಟ ಉಲ್ಟಾ. ನೆಂಟರು ಇರುತ್ತಾರೆ, ಕಾಗದದಲ್ಲಿ ಇರುವುದಿಲ್ಲ.

ತಾತ ಹೈಸ್ಕೂಲು ಮೇಷ್ಟ್ರು. ಅವರ ಕೈಗೆ ಷೇರು ಹೇಗೆ ಬಂತು ಅಂದರೆ, ಅದು 1978ರ ಸುಮಾರು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಸಾಮಾನ್ಯವಾಗಿ 40 ಪರ್ಸೆಂಟಿಗೆ ಇಳಿಸಬೇಕು ಅಂತ 1973ರ ಫೆರಾ ಕಾಯ್ದೆ ಹೇಳಿತ್ತು. ಕೆಲವರು ಗಂಟುಮೂಟೆ ಕಟ್ಟಿದರು, ಕೋಕಾ-ಕೋಲಾ ಹೋಗಿದ್ದು ಹಾಗೆ. ಉಳಿದವರು ಇಲ್ಲಿನ ಜನಕ್ಕೆ ಷೇರು ಮಾರಿದರು. ಬೆಲೆ ಎಷ್ಟಿರಬೇಕು ಅಂತ ದೆಹಲಿಯ ಕಚೇರಿಯೊಂದು ಹೇಳುತ್ತಿದ್ದ ಕಾಲ, ಹಾಗಾಗಿ ಅಗ್ಗಕ್ಕೇ ಸಿಗುತ್ತಿತ್ತು. ಬ್ಯಾಂಕಿನ ಗುಮಾಸ್ತರು, ಮೇಷ್ಟ್ರುಗಳು, ಎಲ್‌ಐಸಿಯವರು ಅರ್ಜಿ ಹಾಕಿದರು. ನಮ್ಮ ತಾತನಿಗೆ 50 ಷೇರು ಸಿಕ್ಕಿತ್ತು.

ಆ ಕಂಪನಿಯ ವಾರ್ಷಿಕ ವರದಿ ನನಗೆ ಚೆನ್ನಾಗಿ ನೆನಪಿದೆ. ಯಾಕಂದರೆ ನನ್ನ ಮೂರನೇ ಕ್ಲಾಸಿನ ಸಮಾಜ ಪುಸ್ತಕಕ್ಕೆ ಅದರ ಹಾಳೆಯೇ ಬೈಂಡು. ನುಣುಪಾದ ಕಾಗದ, ಕೋಟು ಹಾಕಿದ ಮಂದಿಯ ಫೋಟೋ. ಕ್ಲಾಸಿನಲ್ಲಿ ಬೇರೆಯವರ ಪುಸ್ತಕಕ್ಕೆಲ್ಲ ನ್ಯೂಸ್ ಪೇಪರ್, ನನ್ನದಕ್ಕೆ ಮಾತ್ರ ಬೋರ್ಡ್ ಆಫ್ ಡೈರೆಕ್ಟರ್ಸ್. ವರ್ಷಕ್ಕೊಮ್ಮೆ ಡಿವಿಡೆಂಡ್ ವಾರಂಟ್ ಬರುತ್ತಿತ್ತು. ತಾತ ಅವತ್ತು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬ್ಯಾಂಕಿಗೆ ಹೋಗುತ್ತಿದ್ದರು. ದುಡ್ಡು ಎಷ್ಟಿರುತ್ತಿತ್ತೋ, ಬರುವಾಗ ನನಗೊಂದು ಮಸಾಲೆ ದೋಸೆ ಗ್ಯಾರಂಟಿ. ಅವರು ಹೋದ ಮೇಲೂ ವಾರಂಟ್ ಬರುತ್ತಲೇ ಇತ್ತು. ಅವರ ಹೆಸರಿನ ಚೆಕ್ಕನ್ನು ಯಾರು ಹಾಕೋದು? ಅಜ್ಜಿ ಅವನ್ನೆಲ್ಲ ಹಾರ್ಲಿಕ್ಸ್ ಬಾಟಲಿಯಲ್ಲಿ ಸುರುಳಿ ಸುತ್ತಿಟ್ಟಿದ್ದರು. 1999ರಲ್ಲಿ ಅಜ್ಜಿ ಹೋದರು. ಬಾಟಲಿಯೂ ಹೋಯಿತು. ಡೋರ್ ನಂಬರ್ ಬದಲಾದ ಮೇಲೆ ಕವರುಗಳೂ ನಿಂತವು.

ಚಿಕ್ಕಪ್ಪ ಅಟ್ಟದ ಮೇಲಿನ ಟ್ರಂಕು ಇಳಿಸಿದರು. ಹಳೇ ಪಂಚಾಂಗಗಳ ಕೆಳಗೆ ಷೇರು ಸರ್ಟಿಫಿಕೇಟ್ ಇತ್ತು. ಬೋನಸ್ಸೂ ಸೇರಿ ಇವತ್ತಿನ ಬೆಲೆ 3.8 ಲಕ್ಷದ ಆಸುಪಾಸು. ಕೋಟಿಯ ಕನಸು ಕಂಡಿದ್ದ ಚಿಕ್ಕಪ್ಪನ ಮಗನ ಮುಖ ಸ್ವಲ್ಪ ಸಪ್ಪಗಾಯ್ತು.

ಅದೇ ಟ್ರಂಕಿನಲ್ಲಿ ಇನ್ನೊಂದು ಕಾಗದವೂ ಇತ್ತು. 1992ರ ವಂಶವೃಕ್ಷ. ತಾತ ಹೋದ ಮೇಲೆ ತೋಟದ ಪೌತಿ ಖಾತೆಗೆ, ಅಂದರೆ ತೋಟವನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ ಅಂತ ಬರೆಸಿದ್ದು. ಮೇಲೆ ತಾತನ ಹೆಸರು, ಪಕ್ಕದಲ್ಲಿ "ಮರಣ" ಅಂತ. ಕೆಳಗೆ ಗೆರೆ ಎಳೆದು ಅಜ್ಜಿ. ಅಲ್ಲಿಂದ ಎರಡು ಗೆರೆ. ಒಂದು ನಮ್ಮಪ್ಪ, ಇನ್ನೊಂದು ಚಿಕ್ಕಪ್ಪ. ಅಷ್ಟೇ. ಕೆಳಗೆ ಪಂಚರ ಸಹಿ.

ಸುಲಭದ ದಾರಿ

ಇದರಲ್ಲಿ ಅಂಥ ರಹಸ್ಯವೇನೂ ಇಲ್ಲ, ಓದುತ್ತಿರುವ ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಇಂಥದ್ದೊಂದು ಕಾಗದ ಇದ್ದೀತು. ಕೆಲವು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅರಿಶಿನ-ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಸೀರೆ ಉಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆಗೆ ಸಹಿ ಹಾಕಿಸುತ್ತಾರೆ. ಇನ್ನು ಕೆಲವು ಮನೆಯಲ್ಲಿ ಅಷ್ಟು ಓಡಾಟವೂ ಬೇಡ ಅಂತ ಮಕ್ಕಳ ಲೆಕ್ಕದಲ್ಲೇ ಹೆಣ್ಣುಮಕ್ಕಳನ್ನು ಬಿಟ್ಟುಬಿಡುತ್ತಾರೆ. ನಮ್ಮದು ಎರಡನೇ ಜಾತಿ. ಬರೆಸಿದ್ದು ನಮ್ಮಪ್ಪ. ಅಪ್ಪ ಕೆಟ್ಟವರಾಗಿರಲಿಲ್ಲ. ತಂಗಿಯ ಮಗಳ ಮದುವೆಗೆ ಸಾಲ ಮಾಡಿ ದುಡ್ಡು ಕೊಟ್ಟಿದ್ದರು. ಅಕ್ಕನಿಗೆ ಪ್ರತಿ ವರ್ಷ ತೋಟದಿಂದ ಒಂದು ಚೀಲ ಕಾಯಿ ಹೋಗುತ್ತಿತ್ತು, ಅಪ್ಪ ಹೋದ ಮೇಲೂ ಚಿಕ್ಕಪ್ಪ ಅದನ್ನು ತಪ್ಪಿಸಿಲ್ಲ. ಒಂದು ಕೈಯಲ್ಲಿ ಕಾಯಿ ಕೊಡುವ ಮನುಷ್ಯನೇ ಇನ್ನೊಂದು ಕೈಯಲ್ಲಿ ಹೆಸರು ಬಿಟ್ಟು ಬರೆಸಿದ್ದು. ಅದು ಅವರಿಗೆ ಎರಡು ಬೇರೆ ಬೇರೆ ಕೆಲಸ ಅನ್ನಿಸಿತ್ತು. ನಿಜ ಹೇಳಬೇಕೆಂದರೆ, ಈ ಪತ್ರ ಬರೋವರೆಗೆ ನನಗೂ ಹಾಗೇ ಅನ್ನಿಸಿತ್ತು.

ಮುಂಬೈ ಸಂಸ್ಥೆಯ ಹುಡುಗ ಮತ್ತೆ ಫೋನ್ ಮಾಡಿದ. ಕಮಿಷನ್ 20 ಪರ್ಸೆಂಟ್. ಅಂದರೆ 76,000. ನಾನು ಕಂಪನಿ ಹೆಸರು ಹೇಳಿದೆ. ಅವನ ದನಿ ಒಂದು ಮೆಟ್ಟಿಲು ಇಳಿಯಿತು. ಆದರೂ ಬಿಡಲಿಲ್ಲ, ಕಾಗದದ ಕೆಲಸ ಬಹಳ ಇದೆ ಸಾರ್, ಒಬ್ಬರೇ ಮಾಡೋಕೆ ಆಗಲ್ಲ ಅಂದ. ಮನೆಯಲ್ಲಿ ವಂಶವೃಕ್ಷ ಇದೆಯಾ ಅಂತ ಕೇಳಿದ. ಇದೆ, ಆದರೆ ಅದರಲ್ಲಿ ಇಬ್ಬರೇ ಇದ್ದಾರೆ ಅಂದೆ.

ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಅಂದ, "ಹಾಗಿದ್ರೆ ಅದೇ ಒಳ್ಳೇದು ಸಾರ್. ಕೆಲಸ ಬೇಗ ಆಗುತ್ತೆ."

ನಾಲ್ಕು ಜನ ಅಂತ ಬೀದಿಯಲ್ಲಿ ವಿಚಾರಿಸಿ ಬಂದವರೂ ಇವರೇ. ಈಗ ಇಬ್ಬರು ಸಾಕು ಅನ್ನುತ್ತಿರುವವರೂ ಇವರೇ. ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿಗೆ ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ, ಯಾಕಂದರೆ ಅದೇ ಮಾತನ್ನು ಅವತ್ತು ಬೆಳಗ್ಗೆ ಚಿಕ್ಕಪ್ಪನೂ ಹೇಳಿದ್ದರು. ನಾನು "ನೋಡೋಣ" ಅಂದಿದ್ದೆ. ಈ "ನೋಡೋಣ" ಇದೆಯಲ್ಲ, ಇದು ನಮ್ಮ ಮನೆಯಲ್ಲಿ ಒಪ್ಪಿಗೆಯ ಇನ್ನೊಂದು ಹೆಸರು.

ಸಂಸ್ಥೆಗೆ ಬೇಡ ಅಂದೆ. ಹುಡುಗ ಜಗಳ ಆಡಲಿಲ್ಲ. "ಹುಡುಕಿಕೊಂಡು ಬಂದಿದ್ದು ನಾವು ಸಾರ್" ಅಂದ, ಅಷ್ಟೇ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಪತ್ರ ಬರದಿದ್ದರೆ ಆ ಟ್ರಂಕು ಇನ್ನೂ ಅಟ್ಟದ ಮೇಲೇ ಇರುತ್ತಿತ್ತು. ಕಾನೂನಿನ ಪ್ರಕಾರ ನಾನು ಅವರಿಗೆ ಏನೂ ಕೊಡಬೇಕಾಗಿಲ್ಲ, ಸಹಿ ಹಾಕಿಲ್ಲ. ಆದರೂ ಬಾಳೆಹಣ್ಣು ತಗೊಂಡು ನಮ್ಮ ಬೀದಿಯಲ್ಲಿ ನಿಂತಿದ್ದ ಆ ಮನುಷ್ಯನ ಬಸ್ ಚಾರ್ಜಾದರೂ ನನ್ನ ತಲೆ ಮೇಲೆ ಉಳಿದಿದೆ ಅಂತ ಅನ್ನಿಸುತ್ತಲೇ ಇರುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು ಹೇಳಲೇಬೇಕು, ಯಾಕಂದರೆ ನಮ್ಮ ಮನೆಯಲ್ಲಿ ಎಲ್ಲರೂ ತಪ್ಪು ತಿಳಿದಿದ್ದೆವು. ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದು 2005ರಲ್ಲಿ, ತಾತ ಹೋಗಿದ್ದು ಅದಕ್ಕಿಂತ ಮುಂಚೆ, ಹಾಗಾಗಿ ಅತ್ತೆಯರಿಗೆ ಏನೂ ಬರಲ್ಲ ಅಂತ ಚಿಕ್ಕಪ್ಪನ ವಾದ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯದ್ದು. ಸ್ವಂತ ದುಡಿಮೆಯ ಆಸ್ತಿಯನ್ನು ವಿಲ್ ಬರೆಯದೆ ಬಿಟ್ಟುಹೋದರೆ ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮೇಷ್ಟ್ರ ಸಂಬಳದಲ್ಲಿ ತಗೊಂಡ ಷೇರು ಸ್ವಂತದ್ದೇ. ಅಂದರೆ 1992ರಲ್ಲಿ, ಆ ಕಾಗದಕ್ಕೆ ಪಂಚರು ಸಹಿ ಹಾಕುವ ಹೊತ್ತಿಗೇ, ಆ ಷೇರಿನಲ್ಲಿ ಅತ್ತೆಯರ ಪಾಲು ಇತ್ತು.

ಅತ್ತೆಯರನ್ನು ಸೇರಿಸಿ ಹೊಸ ವಂಶವೃಕ್ಷ ಮಾಡಿಸೋಣ ಅಂದೆ. ಚಿಕ್ಕಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಛಾಪಾ ಕಾಗದದ ಮೇಲೆ ನಾಲ್ಕು ಅಂತ ಬರೆದರೆ, ಆವತ್ತು ಎರಡು ಅಂತ ಬರೆಸಿದ್ದು ಏನಾಗುತ್ತೆ?"

ಆಗ ಅರ್ಥವಾಯ್ತು. ಅವರಿಗೆ ಷೇರಿನ ಚಿಂತೆ ಇರಲಿಲ್ಲ. ತೋಟದ ಚಿಂತೆ.

ಕಡೂರು

ಚಿಕ್ಕತ್ತೆ ಪುಣೆಯಲ್ಲಿ ಮಗನ ಜೊತೆ ಇದ್ದಾರೆ. ಫೋನಿನಲ್ಲೇ, "ನನ್ನ ಪಾಲು ಕೈಗೆ ಕೊಡಿ, ಎಲ್ಲಿ ಬೇಕಾದರೂ ಸಹಿ ಹಾಕ್ತೀನಿ" ಅಂದುಬಿಟ್ಟರು. ದೊಡ್ಡತ್ತೆ ಇರುವುದು ಕಡೂರಿನಲ್ಲಿ. ಎಪ್ಪತ್ತೇಳು ವರ್ಷ. ಫೋನಿನಲ್ಲಿ ಕೇಳೋ ವಿಷಯ ಅಲ್ಲ ಅಂತ ಒಂದು ಶನಿವಾರ ರೈಲು ಹತ್ತಿದೆ. ಬ್ಯಾಗಿನಲ್ಲಿ ಫಾರಂಗಳಿದ್ದವು. ಕಾಗದದ ಷೇರಿನ ಬೆಲೆ 5 ಲಕ್ಷದೊಳಗಿದ್ದರೆ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ಇಲ್ಲದೆಯೂ ನಡೆಯುತ್ತದೆ. ಒಬ್ಬರ ಹೆಸರಿಗೆ ಮಾಡಿಸಿಕೊಂಡು, ಮಿಕ್ಕವರೆಲ್ಲ ನಮ್ಮ ತಕರಾರಿಲ್ಲ ಅಂತ ಬರೆದುಕೊಟ್ಟರೆ ಸಾಕು. ಚಿಕ್ಕಪ್ಪನ ಹೆಸರಿಗೆ ಮಾಡಿಸಿ ದುಡ್ಡು ನಾಲ್ಕು ಪಾಲು ಮಾಡೋಣ ಅಂತ ನನ್ನ ಲೆಕ್ಕ. ನ್ಯಾಯವಾದ ಲೆಕ್ಕ ಅಂತ ಅರಸೀಕೆರೆ ದಾಟುವವರೆಗೂ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅತ್ತೆ ಅವರೆಕಾಳು ಬಿಡಿಸುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡರು. ಷೇರು ಅಂದ ತಕ್ಷಣ ಕೈ ನಿಂತಿತು.

"ಆ ಫಾರಿನ್ ಕಂಪನಿದಾ?"

"ಹೂಂ ಅತ್ತೆ. ನಿಮಗೆ ಹೇಗೆ ಗೊತ್ತು?"

"ಅದರ ಅರ್ಜಿ ತುಂಬಿದ್ದು ನಾನೇ ಕಣೋ."

1978ರಲ್ಲಿ ಅತ್ತೆ ಮೂರನೇ ಬಾಣಂತನಕ್ಕೆ ತವರಿಗೆ ಬಂದಿದ್ದರಂತೆ. ತಾತ ಬ್ಯಾಂಕಿನಿಂದ ಅರ್ಜಿ ತಂದರು. ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ತುಂಬಬೇಕು. ತಾತ ಕನ್ನಡ ಮೇಷ್ಟ್ರು, ಅವರ ಇಂಗ್ಲಿಷು ಕೋಳಿಕಾಲು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದ ಮಗಳು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಬಾಣಂತಿ ಕೋಣೆಯಲ್ಲಿ ಅದನ್ನು ತುಂಬಿದರು. "ಹತ್ತು ರೂಪಾಯಿ ಷೇರಿಗೆ ಹದಿನೈದು. ಐವತ್ತಕ್ಕೆ ಏಳುನೂರ ಐವತ್ತು. ಅಪ್ಪನ ಒಂದೂವರೆ ತಿಂಗಳ ಸಂಬಳ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದಳು" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ ಅಂದರು, "ಅಪ್ಪನ ತಿಥಿಗೆ ಬಂದಾಗ ನಿಮ್ಮಪ್ಪನಿಗೆ ಹೇಳಿದ್ದೆ. ಷೇರು ಇದಾವೆ ಕಣೋ, ಹೆಸರು ಬದಲಾಯಿಸಬೇಕು, ಇಲ್ಲದಿದ್ದರೆ ಹೋಗಿಬಿಡುತ್ತೆ ಅಂತ. ನಿನಗ್ಯಾಕೆ ಅದೆಲ್ಲ ಅಕ್ಕ, ಊಟ ಮಾಡು ಅಂದ."

ಮುಂಬೈಯಿಂದ ಒಬ್ಬ ಬಂದು ಬೀದಿ ಬೀದಿ ವಿಚಾರಿಸಿ ತಿಳಿದುಕೊಂಡ ವಿಷಯ ನಮ್ಮ ಮನೆಯಲ್ಲೇ ಒಬ್ಬರಿಗೆ ಗೊತ್ತಿತ್ತು. ನಲವತ್ತೈದು ವರ್ಷದಿಂದ ಗೊತ್ತಿತ್ತು. ಕಾಗದದಲ್ಲಿ ಅವರು ಇರಲಿಲ್ಲ, ಹಾಗಾಗಿ ಅವರನ್ನು ಕೇಳಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ.

ನಾನು ಫಾರಂ ತೆಗೆದೆ. ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಬಂದಿದ್ದೆ. ಅತ್ತೆ ಗುರುತಿನ ಕಡೆ ನೋಡಲಿಲ್ಲ. ಕನ್ನಡಕ ತರಿಸಿ ಮೊದಲ ಸಾಲಿನಿಂದ ಓದಿದರು. ಇಂಗ್ಲಿಷ್ ಫಾರಂ, ಸಣ್ಣ ಅಕ್ಷರ. ಗೋಡೆ ಗಡಿಯಾರದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಒಂದು ಪದದ ಕೆಳಗೆ ಬೆರಳಿಟ್ಟು ಕೇಳಿದರು.

"ನೀನು ಒಪ್ಪಿಗೆ ಅಂದೆ. ಇದರಲ್ಲಿ ನನ್ನ ಹಕ್ಕೆಲ್ಲ ಬಿಟ್ಟಿದ್ದೀನಿ ಅಂತ ಇದೆಯಲ್ಲೋ?"

"ಅದು ಫಾರಂನ ಭಾಷೆ ಅತ್ತೆ. ದುಡ್ಡು ನಿಮಗೆ ಬಂದೇ ಬರುತ್ತೆ."

"ದುಡ್ಡಿನ ಮಾತು ಯಾರು ಆಡಿದ್ರು?"

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು. ದನಿ ಏರಿಸಲಿಲ್ಲ, ಅವರೆಕಾಳಿನ ಮೊರ ಮತ್ತೆ ತೊಡೆ ಮೇಲೆ ಎಳೆದುಕೊಂಡಿದ್ದರು. "ಆವತ್ತು ನಿಮ್ಮಪ್ಪ ನನ್ನನ್ನ ಬರೆಸಲೇ ಇಲ್ಲ. ಅದು ನನಗೆ ಆಮೇಲೆ ಗೊತ್ತಾಯ್ತು, ನಾನು ಯಾರನ್ನೂ ಕೇಳಲಿಲ್ಲ. ಈಗ ನೀನು ಬರೆಸಿ, ಬರೆಸಿದ ಕೂಡಲೇ ಬಿಟ್ಟುಕೊಡು ಅಂತೀಯ. ಎರಡರಲ್ಲಿ ಯಾವುದು ವಾಸಿ ಹೇಳು."

ಫಾರಂಗಳನ್ನು ಮಡಿಸಿ ಬ್ಯಾಗಿಗೆ ಹಾಕಿದೆ. ಅತ್ತೆ ಹಿತಕಿದ ಬೇಳೆ ಸಾರು, ಅನ್ನ ಬಡಿಸಿದರು. ಊಟದ ಹೊತ್ತಿನಲ್ಲಿ ನನ್ನ ಮಗಳ ಓದು, ಅಮ್ಮನ ಮಂಡಿನೋವು, ಬೆಂಗಳೂರಿನ ನೀರು, ಎಲ್ಲ ಮಾತಾಡಿದೆವು.

ಮೊದಲ ಹೆಸರು

ಕೊನೆಗೆ ಆಗಿದ್ದು ಹೀಗೆ. ವಾಪಸ್ ಬರುವ ಷೇರು ಕಾಗದದಲ್ಲಲ್ಲ, ಕಂಪ್ಯೂಟರಿನ ಡಿಮ್ಯಾಟ್ ಖಾತೆಯಲ್ಲಿ ಇರುತ್ತದೆ; ಅಂಥ ಖಾತೆಯಲ್ಲಿ ಹೆಚ್ಚೆಂದರೆ ಮೂರು ಹೆಸರು ಇರಬಹುದು. ಪುಣೆಯ ಚಿಕ್ಕತ್ತೆ ತಾವಾಗಿ ಬರೆದುಕೊಟ್ಟರು. ಉಳಿದವರು ಮೂವರು: ದೊಡ್ಡತ್ತೆ, ಚಿಕ್ಕಪ್ಪ, ಅಪ್ಪನ ಪಾಲಿಗೆ ನಮ್ಮಮ್ಮ. ನಾನು, ತಂಗಿ ಅಮ್ಮನಿಗೆ ಬರೆದುಕೊಟ್ಟೆವು. ಮೂವರ ಹೆಸರಿನಲ್ಲಿ ಜಂಟಿ ಖಾತೆ. ಜಂಟಿ ಖಾತೆಯಲ್ಲಿ ಡಿವಿಡೆಂಡ್ ಹೋಗೋದು ಮೊದಲ ಹೆಸರಿನವರ ಬ್ಯಾಂಕಿಗೆ, ಹಾಗಾಗಿ ಮೊದಲ ಹೆಸರು ಯಾರದ್ದು ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ತಿಪಟೂರಿನ ನೋಟರಿ ಹತ್ತಿರ ಟೈಪಿಸ್ಟ್ ಹುಡುಗಿ ಹೊಸ ವಂಶವೃಕ್ಷ ಟೈಪ್ ಮಾಡುವಾಗ ಅಭ್ಯಾಸದಂತೆ ಗಂಡುಮಕ್ಕಳಿಂದ ಶುರು ಮಾಡಿದ್ದಳು. ಕಡೂರಿನಿಂದ ಬಂದಿದ್ದ ಅತ್ತೆ ಪರದೆ ನೋಡಿ, "ದೊಡ್ಡವಳು ನಾನಮ್ಮ, ನನ್ನಿಂದ ಬರಿ" ಅಂದರು. ಚಿಕ್ಕಪ್ಪ ಹೊರಗೆ ಹೋಗಿ ನಿಂತರು. ಅಳಿಸಿ, ಮತ್ತೆ ಟೈಪ್ ಆಯಿತು.

ಆಮೇಲಿನದ್ದು ನೀವು ಊಹಿಸಬಹುದಾದ ಓಡಾಟ. ಪ್ಯಾನ್ ಕಾರ್ಡಿನಲ್ಲಿ ಅತ್ತೆಗೆ ಗಂಡನ ಮನೆಯ ಇನಿಷಿಯಲ್, ಶಾಲೆಯ ಟಿಸಿಯಲ್ಲಿ ತವರಿನದ್ದು, ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್. ತಾತನ ಹೆಸರಿನ "ಅಯ್ಯ"ಕ್ಕೆ ಇನ್ನೊಂದು. ಐಇಪಿಎಫ್-5 ಅರ್ಜಿ, ಅದರ ಪ್ರಿಂಟು, ಮೂಲ ಸರ್ಟಿಫಿಕೇಟ್, ಎಲ್ಲ ಕಂಪನಿಗೆ ಹೋಗಿವೆ. ಅಲ್ಲಿಂದ ಒಮ್ಮೆ ತಕರಾರು ಬಂತು, ಸರಿಮಾಡಿ ಕಳಿಸಿದೆವು. ಇನ್ನೂ ಬಂದಿಲ್ಲ. ಬರುತ್ತದೆ.

ತೋಟದ ಮಾತನ್ನು ಅತ್ತೆ ಎತ್ತಿಲ್ಲ. ಪಹಣಿಯಲ್ಲಿ ಈಗಲೂ ಎರಡೇ ಕವಲು, ಒಂದರ ತುದಿಯಲ್ಲಿ ನನ್ನ ಹೆಸರೂ ಇದೆ. ಲಾಯರ್ ಗೆಳೆಯನೊಬ್ಬನನ್ನು ಕೇಳಬೇಕು ಅಂದುಕೊಂಡು ಎರಡು ಸಲ ಫೋನ್ ಮಾಡಿ, ಕ್ರಿಕೆಟ್ ಮಾತಾಡಿ ಇಟ್ಟಿದ್ದೇನೆ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಅರ್ಜಿ ಎಲ್ಲಿಗೆ ಬಂತು ಅಂತ ಕೇಳಿದರು, ಹೇಳಿದೆ. ಇಡುವ ಮುಂಚೆ, ಏನೋ ನೆನಪಾದವರಂತೆ, "ಅಂದ ಹಾಗೆ, ಈ ಸಲ ತೋಟದಿಂದ ಎರಡು ಚೀಲ ಕಾಯಿ ಬಂದಿದೆ ಕಣೋ" ಅಂದರು. "ನಿಮ್ಮ ಚಿಕ್ಕಪ್ಪ ಹುಷಾರಾಗಿದಾನೆ ತಾನೇ?"